ರಂಗೂನಿನಿಂದ ಬರಬೇಕಿದ್ದ ಕಾಗದ

ಐವತ್ತರ ದಶಕದ ಕೊನೆಯಲ್ಲಿ, ಮೈಲಾಪೂರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ನಾನು ಮದುವೆಯಾದೆ. ನಾನು ಉಡುಪಿ ಕಡೆಯ ಹೋಟೆಲಿನವರ ಮಗಳು, ಎಗ್ಮೋರಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಅವರು ಅದೇ ಆಫೀಸಿನಲ್ಲಿ ನಕ್ಷೆ ಬರೆಯುವವರು, ಮಂಗಳೂರಿನ ಕ್ಯಾಥೊಲಿಕರು. ಸರ್ಕಾರದ ಪಾಲಿಗೆ ನಾವು ಗಂಡಹೆಂಡತಿ. ಚರ್ಚಿನ ಪಾಲಿಗೆ ಅಲ್ಲ.

ಅವರಿಗೆ ಮೊದಲೇ ಒಂದು ಮದುವೆಯಾಗಿತ್ತು. ಆಕೆ ಯುದ್ಧಕಾಲದಲ್ಲಿ ರಂಗೂನಿನಿಂದ ಕಾಡುದಾರಿಯಲ್ಲಿ ನಡೆದು ಬಂದವರು. ದಾರಿಯಲ್ಲಿ ತಪ್ಪಿಹೋದ ತಮ್ಮ ಮೊದಲ ಗಂಡ ಸತ್ತನೆಂದೇ ನಂಬಿದ್ದರು. ಇವರನ್ನು ಮದುವೆಯಾಗಿ ಮೂರು ವರ್ಷಕ್ಕೆ ಆ ಗಂಡ ತಿರುಚ್ಚಿಯಲ್ಲಿ ಜೀವಂತ ಸಿಕ್ಕಿದ. ಆಕೆ ಅವನ ಬಳಿಗೆ ಹೋದರು. ಇವರ ಜೊತೆಗಿನದು ಮೊದಲಿನಿಂದಲೂ ಮದುವೆಯೇ ಅಲ್ಲ ಎಂದು ಕೋರ್ಟು ಹೇಳಿಬಿಟ್ಟಿತು. ಚರ್ಚು ಹಾಗೆ ಹೇಳಲು ಆಕೆಯ ಮೊದಲ ಮದುವೆಯ ದಾಖಲೆ ರಂಗೂನಿನಿಂದಲೇ ಬರಬೇಕಿತ್ತು. ಆ ಮದುವೆ ನಡೆದ ಇಗರ್ಜಿ ಬಾಂಬಿಗೆ ಸುಟ್ಟುಹೋಗಿದೆ ಎಂಬ ಉತ್ತರ ಬಂತು. ಹಾಗಾದರೆ ಸುಟ್ಟಿದ್ದಕ್ಕೆ ಅಲ್ಲಿನ ಪಾದ್ರಿಯ ಮೊಹರು ಬೇಕೆಂದರು. ಒಂದು ವರ್ಷ ಕಾದು ತರಿಸಿದರೆ, ಮೊಹರು ಮಸುಕಾಗಿದೆಯೆಂದು ವಾಪಸು ಕಳಿಸಿದರು.

ಅಷ್ಟರಲ್ಲಿ ಮಗಳು ಹುಟ್ಟಿದಳು. ಅತ್ತೆ ಮಂಗಳೂರಿನಿಂದ ಬಂದು ಮಗುವನ್ನು ಎತ್ತಿಕೊಂಡೇ ಹೇಳಿದರು: "ನಿನ್ನ ಮೇಲೆ ನಂಗೆ ಕೋಪ ಇಲ್ಲ ಮಾರಾಯ್ತಿ. ಆದ್ರೆ ನೀವು ಮದುವೆ ಆಗದವರು. ನಾನೆಂತ ಮಾಡುದು?"

ಇವರೋ, ಪ್ರತಿ ಭಾನುವಾರ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತು, ಚರ್ಚು ಒಪ್ಪದ ಮದುವೆಯವರಿಗೆ ಪ್ರಸಾದವಿಲ್ಲವೆಂದು ಅದನ್ನು ತೆಗೆದುಕೊಳ್ಳದೆ ಮನೆಗೆ ಬಂದು ಪೇಪರ್ ಓದುತ್ತಿದ್ದರು. ನಿಮ್ಮನ್ನು ಅಷ್ಟು ಬೇಡವೆನ್ನುವವರ ಹತ್ತಿರ ಯಾಕೆ ಹೋಗುತ್ತೀರಿ ಎಂದು ಜಗಳವಾಡಿದೆ. "ಬಿಡ್ಲಿಕ್ಕೆ ಆಗುದಿಲ್ಲ," ಎಂದರು, ಅಷ್ಟೆ.

ಕೊನೆಗೆ ನಾನೇ ತಿರುಚ್ಚಿಗೆ, ಇವರ ಮೊದಲ ಹೆಂಡತಿಗೆ, ಪತ್ರ ಬರೆದೆ. ಆಕೆ ತಮ್ಮ ಗಂಡನನ್ನು ಕರಕೊಂಡು, ಮದುವೆಯ ಫೋಟೋ ಹಿಡಿದು ಎಗ್ಮೋರಿನಲ್ಲಿ ಇಳಿದರು. ನಾನೇ ಇಬ್ಬರನ್ನೂ ಪಾದ್ರಿಯ ಬಳಿಗೆ ಕರೆದೊಯ್ದೆ. ಫೋಟೋದಲ್ಲಿರುವವನು ಇವನೇ ಎನ್ನುವುದಕ್ಕೆ ಏನು ಆಧಾರ ಎಂದು ಪಾದ್ರಿ ಕೇಳಿದರು. ಆಕೆ ತಮಿಳಿನಲ್ಲಿ, ದನಿ ಏರಿಸದೆ, "ಫಾದರ್, ಇವರು ಸತ್ತರು ಅಂತ ನಾನು ಇವರ ಆತ್ಮಕ್ಕೆ ಚರ್ಚಿನಲ್ಲಿ ಪೂಜೆ ಹೇಳಿಸಿದಾಗ ಯಾರೂ ಆಧಾರ ಕೇಳಲಿಲ್ಲ," ಎಂದರು. ಪಾದ್ರಿ ಹೇಳಿಕೆ ಬರೆದುಕೊಳ್ಳತೊಡಗಿದರು.

ಎಂಟು ತಿಂಗಳಿಗೆ ಆಕೆಯ ಜೊತೆಗಿನ ಇವರ ಮದುವೆ ರದ್ದೆಂದು ಚರ್ಚಿನ ತೀರ್ಪು ಬಂತು. ನಾನು ಜ್ಞಾನಸ್ನಾನ ಪಡೆಯದವಳಾದ್ದರಿಂದ ಬಿಷಪ್ಪರ ಅನುಮತಿ ಬೇರೆ. ಮಕ್ಕಳನ್ನು ಅವರ ಧರ್ಮದಲ್ಲೇ ಬೆಳೆಸುತ್ತೇನೆಂಬ ಮುಚ್ಚಳಿಕೆ ಬೇರೆ. ನಮ್ಮ ಚರ್ಚಿನ ಮದುವೆ ನಡೆದದ್ದು ಪೀಠದ ಮುಂದಲ್ಲ, ಪಾದ್ರಿಗಳು ನಿಲುವಂಗಿ ಬದಲಿಸುವ ಪಕ್ಕದ ಕೋಣೆಯಲ್ಲಿ. ಅರ್ಜಿಯಲ್ಲಿ ನನ್ನ ಹೆಸರಿನ ಮುಂದೆ ಅವಿವಾಹಿತೆ ಎಂದು ಬರೆಯಲು ಹೇಳಿದರು. ನಾಲ್ಕು ವರ್ಷದ ಮಗಳು ನನ್ನ ಸೆರಗು ಜಗ್ಗುತ್ತಿದ್ದಳು. ಬರೆದೆ.

ಮುಂದಿನ ಭಾನುವಾರ ಇವರು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಪ್ರಸಾದ ಪಡೆದು ಬಂದರು. ಕಣ್ಣು ಒದ್ದೆಯಾಗಿತ್ತು. ಅವರ ಸಮಾಧಾನ ನೋಡಿ ನನಗೂ ಸಮಾಧಾನವಾಗಬೇಕಿತ್ತು. ನಿಜ ಹೇಳಬೇಕೆಂದರೆ, ಸಿಟ್ಟೇ ಹೆಚ್ಚು ಬಂತು.