ನಕ್ಷೆಯಲ್ಲಿದ್ದ ಎಂಟು ಗುಡಿಸಲು

ಜೆ.ಪಿ. ನಗರದ ಆಫೀಸೊಂದರಲ್ಲಿ ಕೂತು ನಾನು ಕ್ಯಾಲಿಫೋರ್ನಿಯಾದ ಜಮೀನುಗಳ ಕಾಗದ ಓದುತ್ತೇನೆ. ಅಲ್ಲಿ ಯಾರಾದರೂ ಮನೆ ಕೊಳ್ಳುವಾಗ ಆ ನೆಲ ಯಾರಿಂದ ಯಾರಿಗೆ ಬಂತು ಎಂಬುದನ್ನು ಮೂಲದವರೆಗೆ ಹುಡುಕಿ ಪಟ್ಟಿ ಮಾಡಿಕೊಡುವುದು ನನ್ನ ಕೆಲಸ. ಗದಗದ ಕಡೆಯಿಂದ ಬಂದವಳು ನಾನು. ಮೊದಮೊದಲು ಆ ಮೂಲ ನನಗೆ ಕಥೆ ಕೇಳಿದಂತೆ ಆಗುತ್ತಿತ್ತು. ಸ್ಪೇನ್ ದೊರೆಯ ಅಧಿಕಾರಿಗಳು, ಆಮೇಲೆ ಮೆಕ್ಸಿಕೋ ಸರ್ಕಾರದವರು, ತಮ್ಮ ಸಿಪಾಯಿಗಳಿಗೂ ಬೇಕಾದವರಿಗೂ ದನ ಮೇಯಿಸಲೆಂದು ಸಾವಿರಾರು ಎಕರೆ ಬರೆದುಕೊಟ್ಟಿದ್ದರು. ಕುದುರೆ ಏರಿದ ಇಬ್ಬರು ಹಗ್ಗ ಹಿಡಿದು ಅಳೆಯುತ್ತಿದ್ದರು. ಹೊಸ ಒಡೆಯ ಅಲ್ಲಿಯ ಹುಲ್ಲು ಕಿತ್ತು, ನಾಲ್ಕೂ ದಿಕ್ಕಿಗೆ ಕಲ್ಲೆಸೆದು ನೆಲ ತನ್ನದೆಂದು ಸಾರುತ್ತಿದ್ದ. ಅಮೆರಿಕದವರು ಆ ಸೀಮೆ ಗೆದ್ದ ಮೇಲೆ ಎಲ್ಲರೂ ಕಾಗದ ತೋರಿಸಬೇಕಾಯಿತು. ವರ್ಷಗಟ್ಟಲೆ ಕೇಸು ನಡೆಸಿ ಎಷ್ಟೋ ಒಡೆಯರು ಜಮೀನನ್ನು ವಕೀಲರಿಗೇ ಕಳೆದುಕೊಂಡರು.

ಇವರೆಲ್ಲರಿಗಿಂತ ಮೊದಲೇ ಅಲ್ಲಿದ್ದ ಮೂಲನಿವಾಸಿಗಳು ಆ ದನಗಳನ್ನೇ ಕಾಯುತ್ತ ಹೊಟ್ಟೆಬಟ್ಟೆಗೆ ದುಡಿದರು. ಕೈಯಲ್ಲಿ ಬಿಡಿಸಿದ ಕೆಲವು ಹಳೆಯ ನಕ್ಷೆಗಳಲ್ಲಿ ಅವರ ಹಟ್ಟಿ ಒಂದು ಪುಟ್ಟ ಗುರುತಾಗಿ ಕಾಣುತ್ತದೆ. ಕೊನೆಯ ಹಕ್ಕುಪತ್ರದಲ್ಲಿ ಹುಡುಕಿದರೆ ಆ ಗುರುತು ಇರುವುದಿಲ್ಲ. ನನ್ನ ಪಟ್ಟಿಯಲ್ಲೂ ಅವರಿಗೆ ಕಾಲಂ ಇಲ್ಲ.

ಆಗ ನಾನು ಬಾಡಿಗೆಗಿದ್ದದ್ದು ಬಿಳೇಕಹಳ್ಳಿಯಲ್ಲಿ, ಹಳೇ ಊರಿನ ಪಟೇಲರ ಮನೆತನದವರ ಮಹಡಿಯಲ್ಲಿ. ಓನರ್ ಅಂಕಲ್ ಮರ್ಯಾದಸ್ಥರು. ಒಬ್ಬಳೇ ಇರುವ ಹೆಣ್ಣುಮಗಳೆಂದು ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು. ಮನೆಯ ಹಿಂದೆ ಶೀಟಿನ ಎಂಟು ಮನೆಗಳ ಸಾಲು. ಅದರಲ್ಲೊಂದು ಮನೆಯ, ಅರವತ್ತು ದಾಟಿದ ಹೆಂಗಸು ದಿನಾ ಬಂದು ಮೆಟ್ಟಿಲು ಗುಡಿಸಿ, ನನ್ನ ಪಾತ್ರೆ ತೊಳೆದು ಹೋಗುತ್ತಿದ್ದರು. ಅವರನ್ನು ಅಮ್ಮಾ ಎನ್ನುತ್ತಿದ್ದೆ. ಅವರ ಅತ್ತೆಮಾವ ಪಟೇಲರ ಗದ್ದೆಯಲ್ಲಿ ಆಳುಗಳಾಗಿದ್ದರಂತೆ.

ಒಂದು ಭಾನುವಾರ ಅಂಕಲ್ ಕೆಳಗೆ ಕರೆದರು. ಮೇಜಿನ ಮೇಲೆ ಹಳೆಯ ಕಾಗದಗಳ ಕಟ್ಟು ಬಿಚ್ಚಿಟ್ಟಿತ್ತು.

“ಮಹಾರಾಜ್ರ ಕಾಲದ್ದಮ್ಮ, ಪಟೇಲಿಕೆಗೆ ಅಂತ ಕೊಟ್ಟಿದ್ದ ಇನಾಮು. ಹಿಂದ್ಗಡೆ ಜಾಗ ಬಿಲ್ಡರ್‌ಗೆ ಕೊಡ್ತಾ ಇದೀವಿ. ಲಾಯರು ಎಲ್ಲಾ ನೀಟಾಗಿ ಬರ್ಕೊಂಡು ಬನ್ನಿ ಅಂದಿದಾರೆ. ನೀವು ಇದೇ ಕೆಲ್ಸ ಮಾಡೋದಲ್ವಾ?”

ಖುಷಿಯಿಂದಲೇ ಕೂತೆ. ಇನಾಮಿನ ಸನ್ನದು, ಇನಾಮು ರದ್ದಾದ ಮೇಲೆ ಅದೇ ಜಮೀನನ್ನು ಮರಳಿ ಅವರ ಹೆಸರಿಗೆ ಮಾಡಿದ ಆದೇಶ, ಕಂದಾಯದ ರಸೀದಿಗಳು, ಎಲ್ಲವನ್ನೂ ಕ್ರಮವಾಗಿ ಬರೆಯುತ್ತ ಹೋದೆ. ನಡುವೆ ಬಟ್ಟೆಗೆ ಅಂಟಿಸಿದ ಒಂದು ಕೈನಕ್ಷೆ ಸಿಕ್ಕಿತು. ಕಾಲುವೆ, ಹುಣಸೆಮರ, ಮೂಲೆಯಲ್ಲಿ ಎಂಟು ಚೌಕ. ಪಕ್ಕದಲ್ಲಿ ‘ಆಳುಗಳ ವಾಸಕ್ಕೆ ಬಿಟ್ಟ ಜಾಗ’ ಎಂದು ಬರೆದಿತ್ತು.

“ಇದನ್ನೂ ಸೇರಿಸ್ಲೇನ್ರೀ?” ಎಂದು ಬೆರಳಿಟ್ಟು ತೋರಿಸಿದೆ.

ಅಂಕಲ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಅದು ಬೇಡ ಬಿಡಮ್ಮ,” ಎಂದು ಮಡಚಿ ಅಂಗಿಯ ಜೇಬಿಗಿಟ್ಟರು.

ಯಾಕೆಂದು ನನಗೆ ತಿಳಿಯಿತು. ತಿಳಿಯಲಿಲ್ಲ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಪಟ್ಟಿ ಮುಗಿಸಿದೆ. ಆಂಟಿ ಮುದ್ದೆ, ಬಸ್ಸಾರು ಬಡಿಸಿದರು. ಉಂಡು ಮೇಲೆ ಹೋದೆ.

ಕೆಲವು ತಿಂಗಳ ಮೇಲೆ ಒಂದು ದಿನ ಅಮ್ಮ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಸೆರಗಿನೊಳಗಿಂದ ಕೋರ್ಟಿನ ನೋಟಿಸು ತೆಗೆದರು.

“ಏನ್ ಬರ್ದವ್ರೆ ನೋಡವ್ವ. ನಮ್ಮ ಸಾಲ್ನೋರ್ಗೆಲ್ಲಾ ಬಂದೈತೆ.”

ಎಂಟೂ ಮನೆಯವರು ಇತ್ತೀಚೆಗೆ ಒತ್ತುವರಿ ಮಾಡಿ ಕೂತವರು ಎಂದು ಬರೆದಿತ್ತು. ಹಿಂದೆ ಲಗತ್ತಿಸಿದ ಪುಟಗಳಲ್ಲಿ ನಾನು ಮಾಡಿದ ಪಟ್ಟಿ, ನನ್ನವೇ ವಾಕ್ಯಗಳು.

“ಜಾಗ ಬಿಡ್ಬೇಕು ಅಂತ ಕೇಸ್ ಹಾಕ್ಯಾರಮ್ಮ. ತಾರೀಖಿಗೆ ತಪ್ಪದ ಹೋಗ್ರಿ. ವಕೀಲ್ರನ್ನ ಹಿಡೀರಿ.”

“ನಾವು ಮೊದ್ಲಿಂದ ಇಲ್ಲೇ ಇದ್ದೋರು ಅನ್ನಕ್ಕೆ ಏನಾರ ಕಾಗ್ದ ಇರ್ತೈತಾ? ಓದ್ದೋಳು ನೀನು.”

“ನನಗ ಗೊತ್ತಿಲ್ರೀ,” ಎಂದೆ.

ನಕ್ಷೆಯ ವಿಷಯ ಹೇಳಿದರೆ ನನ್ನ ಬಾಡಿಗೆ ಮನೆ ಬಿಡಬೇಕಾದೀತೆಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಭಾನುವಾರದ ಕೆಲಸ ನನ್ನದೇ ಎಂದು ಅವರ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

ಅವರ ಬಳಿ ಇದ್ದದ್ದು ರೇಷನ್ ಕಾರ್ಡು, ವೋಟಿನ ಚೀಟಿ, ಒಂದಿಷ್ಟು ಕರೆಂಟ್ ಬಿಲ್ಲು. ಅತ್ತೆಮಾವನ ಕಾಲದ್ದು ಏನೂ ಇರಲಿಲ್ಲ. ಎಂಟೂ ಮನೆಯವರು ಕೇಸು ಸೋತರು. ಜೆಸಿಬಿ ಬರುವ ದಿನ ಗೊತ್ತಿತ್ತು. ಅವತ್ತು ನಾನು ಬೇಗ ಆಫೀಸಿಗೆ ಹೊರಟೆ. ಸಂಜೆ ಮಹಡಿಯಿಂದ ನೋಡಿದಾಗ ಒಂದು ಬಟ್ಟೆ ಒಗೆಯುವ ಕಲ್ಲು ಮಾತ್ರ ಉಳಿದಿತ್ತು. ಅದರ ಮೇಲೆ ಯಾರದೋ ನೈಟಿ ಹಾಗೇ ಒಣಗುತ್ತಿತ್ತು.

ಅಮ್ಮ ಬೊಮ್ಮನಹಳ್ಳಿಗೆ, ಮಗಳ ಒಂಟಿ ಕೋಣೆಗೆ ಹೋದರು. ನಾನು ಮನೆ ಬದಲಿಸಿ ಕುಮಾರಸ್ವಾಮಿ ಲೇಔಟಿಗೆ ಬಂದೆ. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಅಮ್ಮ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಾರ ಕತ್ತರಿಸುವ ಕೆಲಸಕ್ಕಿದ್ದಾರೆಂದು ತಿಳಿದು, ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನ ಬಳಿ ಹೋಗಿ ನಿಂತೆ. ಕಟ್ಟೆಯ ಮೇಲೆ ಕೂತು ಅವರು ಚಿತ್ರಾನ್ನ ತಿನ್ನುತ್ತಿದ್ದರು. ನಕ್ಷೆಯ ವಿಷಯ, ಪಟ್ಟಿಯ ವಿಷಯ, ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಕೈ ಡಬ್ಬಿಯಲ್ಲೇ ನಿಂತಿತು.

“ಆ ಕಾಗ್ದ ಈಗ ಎಲ್ಲೈತೆ?”

“ಗೊತ್ತಿಲ್ರೀ. ಅವರು ಹರಿದು ಹಾಕಿರಬೋದು. ಅಪೀಲು ಹಾಕಿದ್ರ ನಾ ಬಂದು ಸಾಕ್ಷಿ ಹೇಳ್ತೀನಿ.”

“ಎಂಟು ಮನೆಯೋರು ಎಲ್ಲೆಲ್ಲೋ ಹೋದ್ರು. ಯಾರ್ನ ಕಟ್ಕೊಂಡು ಹಾಕ್ಲಿ?” ಎಂದರು. ಡಬ್ಬಿ ಪಕ್ಕಕ್ಕಿಟ್ಟರು. “ನಿನ್ ಮುಂದೆ ನಿಂತ್ಕೊಂಡು ಕೇಳ್ದೆ ಕಣವ್ವ. ಅವತ್ತು ಹೇಳಿದ್ರೆ ಆಗೋದು.”

ದನಿಯಲ್ಲಿ ಸಿಟ್ಟಿರಲಿಲ್ಲ. ಬೆಲ್ಲು ಹೊಡೆಯಿತು. ಉಳಿದ ಅನ್ನಕ್ಕೆ ಮುಚ್ಚಳ ಹಾಕಿ ಅವರು ಒಳಗೆ ಹೋದರು.

ಆಮೇಲೆ ಎರಡು ಸಲ ಹೋದೆ. ಒಮ್ಮೆ ಗೇಟಿನ ಕಾವಲಿನವರು ರಜೆ ಎಂದರು. ಇನ್ನೊಮ್ಮೆ, ಆಯಮ್ಮ ಕೆಲಸ ಬಿಟ್ಟಿತು ಎಂದರು.