ಅಜ್ಜಿಯ ಹಿಂದಿದ್ದ ಮೂರು ಕಲ್ಲು

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಫೋಟೋ ತೆಗೆಯುವವರು ನಮ್ಮ ಯಜಮಾನರು. ಕಂಪ್ಯೂಟರ್ ಮುಂದೆ ಕೂತು ಅದನ್ನು ಹಸನು ಮಾಡುವವಳು ನಾನು. ಬರುವುದು ಹೆಚ್ಚಾಗಿ ಪಾಸ್‌ಪೋರ್ಟ್ ಸೈಜಿನ ಕೆಲಸ. ಹಿಂದಿನ ಗೋಡೆ, ಕ್ಯಾಲೆಂಡರ್, ಯಾರದೋ ಮೊಣಕೈ, ಎಲ್ಲ ಅಳಿಸಿ ಬಿಳಿ ಮಾಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಕಣ್ಣು ಬೇರೆಲ್ಲೋ ಇದ್ದರೂ ಕೈ ಮಾಡಿಬಿಡುತ್ತದೆ.

ಹೋದ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಮಾರನಹಳ್ಳಿ ಕಡೆಯ ಮಲೆಕುಡಿಯರ ಹುಡುಗಿಯೊಬ್ಬಳು ಬಂದಳು. ಹಾಸನದಲ್ಲಿ ಓದು ಮುಗಿಸಿ, ಎರವಲು ಕ್ಯಾಮೆರಾ ಹಿಡಿದು ತನ್ನ ಜನರ ಫೋಟೋ ತೆಗೆಯುತ್ತಿದ್ದಳು; ಜೊತೆಗೊಂದು ಸಣ್ಣ ಸಿನಿಮಾ. ಒಬ್ಬೊಬ್ಬರನ್ನೂ ಅವರವರ ಹಿರಿಯರು ಬದುಕಿದ್ದ ಜಾಗಕ್ಕೇ ಕರೆದೊಯ್ದು ಮಾತಾಡಿಸಿದ್ದಳು.

"ನಮ್ಮೋರ ಫೋಟೋನ ಹೊರಗ್ನೋರು ಬೇಕಾದಷ್ಟು ತೆಗ್ದವ್ರೆ ಅಕ್ಕ. ತಿರ್ಗಿ ಬಂದು ಒಂದಾದ್ರೂ ತೋರ್ಸಿಲ್ಲ," ಎಂದಳು. ಅದಕ್ಕೇ ಭಾನುವಾರ ಊರಿನ ಶಾಲೆಯಲ್ಲಿ ಮೊದಲು ಅವರಿಗೇ ತೋರಿಸುವುದೆಂದಿತ್ತು.

ಪೆನ್ ಡ್ರೈವ್ ಕೊಡುವಾಗ ಅವಳ ಅಜ್ಜಿಯ ಫೋಟೋ ಬಗ್ಗೆ ಮಾತ್ರ ಎರಡು ಸಲ ಹೇಳಿದಳು. ಅಜ್ಜಿಗೆ ಮಂಡಿನೋವು. ಹುಟ್ಟಿದ ಜಾಗ ಈಗ ಎಸ್ಟೇಟಿನೊಳಗಿದೆ. ಅಲ್ಲಿ ಲೆಕ್ಕ ಬರೆಯುವ ರೈಟರ್ ಒಂದು ಬೆಳಗಿನ ಮಟ್ಟಿಗೆ ಗೇಟು ತೆಗೆಸಿದ್ದರಂತೆ. ಇಬ್ಬರು ಅಜ್ಜಿಯನ್ನು ಹೊತ್ತುಕೊಂಡ ಹಾಗೇ ಗುಡ್ಡ ಹತ್ತಿಸಿದ್ದರಂತೆ. "ಇನ್ನೊಂದ್ಸಲ ತೆಗೆಯಕಾಗಲ್ಲ ಅಕ್ಕ, ಹುಷಾರು."

ನಾನು ಹುಷಾರಾಗಿಯೇ ಕೂತೆ. ಬೇರೆಯವನ್ನು ಇದ್ದ ಹಾಗೇ ಪ್ರಿಂಟ್ ಹಾಕಿದೆ. ಅಜ್ಜಿಯ ಮುಖ ನೋಡಿ ಪ್ರೀತಿ ಬಂತು. ಹಿಂದೆ ಮಾತ್ರ ಒಣಗಿದ ತರಗು, ಮಸಿ ಹಿಡಿದ ಕಲ್ಲುಗಳು, ಎಸ್ಟೇಟಿನವರು ಗಿಡಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ಪೈಪು. ಇಂಥ ಮುಖದ ಹಿಂದೆ ಇದೆಲ್ಲ ಯಾಕೆ ಅನ್ನಿಸಿತು. ಅಷ್ಟನ್ನೂ ಅಳಿಸಿ, ಮದುವೆ ಹುಡುಗಿಯರ ಫೋಟೋಗೆ ಹಾಕುವ ತಿಳಿನೀಲಿ ಮೋಡ ತುಂಬಿದೆ. ಪೆನ್ ಡ್ರೈವಿನಲ್ಲಿದ್ದ ಅವಳ ಫೋಟೋದ ಮೇಲೇ ಸೇವ್ ಒತ್ತಿದೆ.

ಶನಿವಾರ ಅಜ್ಜಿಯೂ ಜೊತೆಗೆ ಬಂದರು. ಪ್ರಿಂಟ್ ಕೈಗಿಟ್ಟೆ. ಅಜ್ಜಿ ಮುಖ ನೋಡಿಕೊಳ್ಳಲಿಲ್ಲ, ಅಂಚಿನಲ್ಲೆಲ್ಲ ಬೆರಳಾಡಿಸಿದರು.

"ನಾನೇನೋ ಇವ್ನಿ. ಕಲ್ಲೆಲ್ಲವ್ವಾ?"

"ಯಾವ ಕಲ್ಲು ಅಜ್ಜಿ?"

"ನಮ್ಮವ್ವನ ಒಲೆ ಕಲ್ಲು ಕಣವ್ವ. ಮೂರಿದ್ವು. ಅದ್ರ ಮಗ್ಗುಲಲ್ಲೇ ನಾನು ಹುಟ್ಟಿದ್ದು." ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನೋಡೇ, ಈಯಮ್ಮ ನನ್ನ ಮೋಡದ ಮೇಲೆ ಕೂರಿಸ್ಬುಟ್ಟವ್ಳೆ. ಇನ್ನೊಂದು ಹಾರ ಹಾಕ್ಬುಟ್ರೆ ಆಯ್ತು!" ಎಂದು ನಕ್ಕರು.

ಹುಡುಗಿ ನಗಲಿಲ್ಲ. ಫೋಟೋಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡ ಮೇಲೆ, ಉಳಿದವರ ಶೂಟಿಂಗಿಗೆಂದು ಅವಳು ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿದ್ದಳು. ಇದ್ದದ್ದು ಪೆನ್ ಡ್ರೈವಿನಲ್ಲಿದ್ದ ಅದೊಂದೇ. "ಎಸ್ಟೇಟ್ನೋರು ಗುಡಿಸ್ಲು ಅಳಿಸಿದ್ರು, ನೀವು..." ಎಂದು ಅರ್ಧಕ್ಕೇ ನಿಲ್ಲಿಸಿದಳು. ನನಗೆ ಕೂತ ಕುರ್ಚಿ ಬೇಡವಾಯಿತು.

"ಸಿನಿಮಾದಾಗೆ ಸಿಗಲ್ವೇನಮ್ಮ?" ಎಂದು ನಮ್ಮ ಯಜಮಾನರು ಕೇಳಿದರು.

ಅವಳು ಲ್ಯಾಪ್‌ಟಾಪ್ ತೆರೆದಳು. ಸಿನಿಮಾದಲ್ಲಿ ಅಜ್ಜಿ ಕ್ಯಾಮೆರಾ ಕಡೆ ನೋಡುವುದೇ ಇಲ್ಲ. ಕೂತು ತರಗು ಸರಿಸುತ್ತಾರೆ, ಕಲ್ಲು ಮುಟ್ಟುತ್ತಾರೆ. "ಇಲ್ಲಿ ನಮ್ಮವ್ವ ಕೂರೋಳು. ಇಲ್ಲಿ ನಾನು. ಮಳೇಲಿ ಬೆಂಕಿ ಆರಕ್ಕೆ ಬುಡ್ತಿರ್ಲಿಲ್ಲ." ಹಿಂದಕ್ಕೆ ಮುಂದಕ್ಕೆ ಓಡಿಸಿ, ಮೂರು ಕಲ್ಲೂ ಕಾಣುವಲ್ಲಿ ನಿಲ್ಲಿಸಿದೆವು. ದೊಡ್ಡದು ಮಾಡಿದಾಗ ಚಿತ್ರ ಮಸುಕಾಯಿತು. ಅಜ್ಜಿಯ ಮುಖ ಅರ್ಧ ಸೆರಗಿನ ಮರೆಯಲ್ಲಿತ್ತು.

"ಮುಖ ಸರಿಯಾಗಿ ಬಂದಿಲ್ಲ ಅಜ್ಜಿ. ಒಂಚೂರು..." ಎನ್ನುವಷ್ಟರಲ್ಲಿ ನನ್ನ ಕೈ ಮೌಸಿನ ಮೇಲಿತ್ತು. ತೆಗೆದು ಮಡಿಲಲ್ಲಿಟ್ಟುಕೊಂಡೆ.

"ನನ್ನ ಮುಖ ಊರಿಗೆಲ್ಲ ಗೊತ್ತೈತೆ ಕಣವ್ವ. ಆ ಒಲೆ ಗೊತ್ತಿರೋಳು ನಾನೊಬ್ಳೇ. ಅಂಗೇ ಇರ್ಲಿ."

ಪ್ರಿಂಟ್ ಒತ್ತುವ ಮುಂಚೆ ನೋಡಿದರೆ ಮೂಲೆಯಲ್ಲಿ ಎಸ್ಟೇಟಿನ ಪೈಪು ಹಾಗೇ ಇತ್ತು. ಹುಡುಗಿಯ ಮುಖ ನೋಡಿದೆ.

"ಅದೂ ಇರ್ಲಿ ಅಕ್ಕ," ಎಂದಳು.