ಕಾಲೂ ತಿರುಗಬೇಕು

ಮಗ್ಗಕ್ಕೇರಿಸುವ ಮೊದಲು ನೂಲಿಗೆ ಗಂಜಿ ಹಾಕುತ್ತಾರಲ್ಲ, ಆ ಹುಳಿವಾಸನೆ ಸೇಲಂನ ನಮ್ಮ ಬೀದಿಯಲ್ಲಿ ಈಗ ಅಪರೂಪ. ಇವತ್ತು ಬೆಳಿಗ್ಗೆ ಯಾರ ಮನೆಯಿಂದಲೋ ತೇಲಿ ಬಂತು. ನನಗೆ ರಾಜಮ್ಮತ್ತೆ ನೆನಪಾದಳು.

ಅಪ್ಪನ ತಂಗಿ ಅವಳು. ಮಗ್ಗದಲ್ಲಿ ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ. ಎದುರುಮನೆಯ ಸರಸಳಿಗೆ ಹರೂರಿನ ಗಂಡು ಗೊತ್ತಾದಾಗ, ಆ ಸಂಬಂಧ ತನ್ನ ಮಗಳಿಗೆ ಬರಲೆಂದು, "ಆ ಹುಡುಗಿಗೆ ಫಿಟ್ಸ್ ಬರ್ತೈತೆ" ಅಂತ, ವಿಚಾರಿಸಲು ನಮ್ಮ ಮನೆಗೆ ಬಂದ ಗಂಡಿನ ಕಡೆಯವರಿಗೆ ಹೇಳಿಬಿಟ್ಟಳು. ಶುದ್ಧ ಸುಳ್ಳು. ಮದುವೆ ಮುರಿಯಿತು; ಅತ್ತೆಯ ಮಗಳಿಗೂ ಆ ಗಂಡು ದಕ್ಕಲಿಲ್ಲ. ಸರಸಳನ್ನು ನೋಡಲು ಮತ್ತೆ ಯಾರೂ ಬರಲಿಲ್ಲ. ಓದಿ ಟೀಚರಾಗಿ ಪೆನ್ನಾಗರಂನ ಶಾಲೆ ಸೇರಿದಳು. ಆ ಮಾತು ಹೊರಟಾಗ ನಾನು ಅಲ್ಲೇ ಕೂತು ಚಕ್ಕುಲಿ ತಿನ್ನುತ್ತಿದ್ದೆ. ಕಾಲೇಜು ಓದುವ ಜಾಣ ನಾನು. ಬಾಯಿ ತೆರೆದದ್ದು ಚಕ್ಕುಲಿಗೆ ಮಾತ್ರ.

ಎಷ್ಟೋ ವರ್ಷದ ಮೇಲೆ ಅತ್ತೆ ಕ್ರೈಸ್ತಳಾದಳು. ಜ್ಞಾನಸ್ನಾನವಾದ ವಾರವೇ, ಸರಸಳ ಮುಂದೆ ಸುಳ್ಳು ಒಪ್ಪಿಕೊಳ್ಳುತ್ತೇನೆಂದು ಹೊರಟು ನಿಂತಳು. ಅಪ್ಪ ಬಾಗಿಲಿಗೆ ಅಡ್ಡ ಬಂದರು.

"ಮುಗ್ದೋಗಿರೋದನ್ನ ಯಾಕೆ ಕೆದಕ್ತೀಯಾ? ನಮ್ಮ ಮಾನ ಏನಾಯ್ತದೆ?"

"ಇಷ್ಟು ದಿನ ನಿಮ್ಮ ಮಾನ ಆಡಿಸ್ದಂಗೆ ಆಡ್ದೆ ಅಣ್ಣಾ. ಈಗ ನನ್ನ ಆಳೋನು ದೇವ್ರು. ದಾರಿ ಬಿಡು."

"ಪ್ರಾರ್ಥನೆ ಮಾಡಿದ್ರೆ ಸಾಕು ಅಂತ ನಿಮ್ಮ ಪಾಸ್ಟರೇ ಅಂದ್ರಲ್ಲ ಅತ್ತೆ?" ಅಂದೆ.

"ಪಶ್ಚಾತ್ತಾಪಕ್ಕೆ ತಮಿಳಲ್ಲಿ 'ಮನಂ ತಿರುಂಬುದಲ್' ಅಂತಾರೆ ಕಣೋ, ಮನಸ್ಸು ತಿರುಗೋದು ಅಂತ. ಮನಸ್ಸು ತಿರುಗಿ ಕಾಲು ತಿರುಗ್ದಿದ್ರೆ ಏನು ಬಂತು?"

ತಮಾಷೆ ನೋಡಲೆಂದೇ ನಾನೂ ಬಸ್ಸು ಹತ್ತಿದೆ. ಸರಸಳ ಮನೆಯಲ್ಲಿ ಜೊತೆಯ ಟೀಚರುಗಳು ಕೂತಿದ್ದರು. ಅತ್ತೆ ಅವಳನ್ನು ಒಳಗೆ ಕರೆಯಲಿಲ್ಲ. ಎಲ್ಲರೆದುರೇ, ಸುಳ್ಳು ಯಾವುದು, ಯಾಕೆ ಹೇಳಿದೆ, ಎಲ್ಲ ಗಟ್ಟಿಯಾಗಿ ಹೇಳಿದಳು. ಸರಸಳ ಮುಖ ಕೆಂಪಾಯಿತು.

"ನಿಮ್ಮ ದೇವ್ರು ಬೇಕಾದ್ರೆ ಮನ್ನಿಸ್ಲಿ. ನಾನು ಮನ್ನಿಸಲ್ಲ."

"ಬ್ಯಾಡಮ್ಮ. ಮನ್ನಿಸು ಅಂತ ಕೇಳೋಕೆ ಬರ್ಲಿಲ್ಲ. ಸುಳ್ಳು ನಂದು ಅಂತ ಹೇಳೋಕೆ ಬಂದೆ."

ವಾಪಸು ಬರುವಾಗ ಕೆಣಕಿದೆ: "ಏನು ಸಿಕ್ತು ಅತ್ತೆ?"

"ಇನ್ನೂ ಹರೂರು ಐತೆ," ಅಂದಳು.

ಹರೂರಿಗೂ ಹೋದಳು. ಆ ಮಾತು ಯಾರ್ಯಾರ ಕಿವಿಗೆ ಬಿದ್ದಿತ್ತೋ ಅವರೆಲ್ಲರ ಮನೆಗೂ ಹೋದಳು. ಕೆಲವರು ನಕ್ಕರು, ಒಬ್ಬರು ಬಾಗಿಲು ಹಾಕಿಕೊಂಡರು. ನೆಂಟರು ಮದುವೆಗಳಿಗೆ ಕರೆಯುವುದನ್ನೇ ಬಿಟ್ಟರು. ಸಾಯುವ ತನಕ ಅವಳು ತಲೆ ತಗ್ಗಿಸಲಿಲ್ಲ.

ಇವತ್ತು ಮಧ್ಯಾಹ್ನ ನಮ್ಮ ಮನೆಗೆ ದೂರದ ನೆಂಟರು ಬಂದರು. ಸರಸಳ ತಮ್ಮನ ಮಗಳನ್ನು ತಮ್ಮ ಹುಡುಗನಿಗೆ ತರಬೇಕೆಂದಿದ್ದಾರೆ. "ಆ ವಂಶದಲ್ಲಿ ಫಿಟ್ಸ್ ಐತಂತೆ, ನಿಜವಾ?" ಅಂತ ಕೇಳಿದರು. ಅಪ್ಪ ಸುಮ್ಮನಿರು ಎಂಬಂತೆ ನನ್ನನ್ನು ನೋಡಿದರು.

ನಾನು ಅತ್ತೆಯ ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ಹಣೆಯ ವಿಭೂತಿ ಇವತ್ತೂ ಇತ್ತು. ಆದರೂ ಎದ್ದು ನಿಂತೆ.

"ಸುಳ್ಳು. ಅದು ಹುಟ್ಟಿದ್ದು ಈ ಮನೆಯಲ್ಲೇ. ಅವತ್ತು ನಾನು ಕೇಳಿಸಿಕೊಂಡು ಸುಮ್ಮನಿದ್ದೆ."

"ಕೂತ್ಕೊಳ್ಳೋ," ಅಂದರು ಅಪ್ಪ.

ಕೂರಲಿಲ್ಲ.